ಆಂಟಿಬಯೋಟಿಕ್ ಅಲರ್ಜಿಗೆ ರಕ್ತ ಪರೀಕ್ಷೆ: ಯಾವಾಗ, ಯಾವುದು, ರಿಪೋರ್ಟ್ ಓದುವುದು ಹೇಗೆ

"ಪೆನಿಸಿಲಿನ್ ಆಗಿಬರುವುದಿಲ್ಲ" ಎಂಬ ಮಾತು ಒಮ್ಮೆ ಫೈಲಿಗೆ ಏರಿತೆಂದರೆ ಇಳಿಯುವುದೇ ಇಲ್ಲ. ಚಿಕ್ಕಂದಿನಲ್ಲಿ ಜ್ವರಕ್ಕೆ ಕೊಟ್ಟ ಸಿರಪ್ಪಿನ ನಂತರ ಮೈಮೇಲೆ ಎದ್ದ ನಾಲ್ಕು ಗುಳ್ಳೆ, ಮೂವತ್ತು ವರ್ಷ ಕಳೆದು ಹಲ್ಲು ಕೀಳಿಸುವಾಗಲೂ ಹೆರಿಗೆ ವಾರ್ಡಿನಲ್ಲೂ ಎದುರಿಗೆ ಬಂದು ನಿಲ್ಲುತ್ತದೆ. ಆಗ ಹೊಳೆಯುವ ಸುಲಭದ ದಾರಿಯೆಂದರೆ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಯಾವ ಮಾತ್ರೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಪಟ್ಟಿ ತರುವುದು. ಅಂಥ ಪಟ್ಟಿ ಕೊಡಬಲ್ಲ ರಕ್ತ ಪರೀಕ್ಷೆ ಇಲ್ಲ. ಇರುವುದು ಬೆರಳೆಣಿಕೆಯ ಔಷಧಗಳಿಗೆ, ಒಂದೇ ಬಗೆಯ ಅಲರ್ಜಿಗೆ. ಅದು ಕೊಡುವುದೂ ಅರ್ಧ ಉತ್ತರವನ್ನೇ. ಆ ಅರ್ಧ ಉತ್ತರವೂ ಕೆಲವರಿಗೆ ತುಂಬ ಬೆಲೆಯುಳ್ಳದ್ದು. ಕೇಳುವ ಕ್ರಮ ಗೊತ್ತಿರಬೇಕು ಅಷ್ಟೆ.

ಅಮೆರಿಕದಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿ ತಮಗೆ ಪೆನಿಸಿಲಿನ್ ಅಲರ್ಜಿ ಇದೆ ಎನ್ನುತ್ತಾರೆ. ಸರಿಯಾಗಿ ಪರೀಕ್ಷಿಸಿದಾಗ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಆ ಔಷಧ ತೊಂದರೆಯಿಲ್ಲದೆ ಒಗ್ಗುತ್ತದೆ. ನಿಜವಾಗಿ ಅಲರ್ಜಿ ಇದ್ದವರಲ್ಲೂ ಸುಮಾರು ನೂರಕ್ಕೆ ಎಂಬತ್ತು ಮಂದಿಗೆ ಹತ್ತು ವರ್ಷದೊಳಗೆ ಅದು ಹೊರಟುಹೋಗಿರುತ್ತದೆ.

ಎಲ್ಲ ಔಷಧಕ್ಕೂ ಪರೀಕ್ಷೆ ಏಕಿಲ್ಲ?

ಆಂಟಿಬಯೋಟಿಕ್ ಅಣು ತೀರ ಚಿಕ್ಕದು. ಅದೊಂದನ್ನೇ ಶರೀರದ ರಕ್ಷಣಾ ವ್ಯವಸ್ಥೆ ಗುರುತು ಹಿಡಿಯಲಾರದು. ಅದು ರಕ್ತದ ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ಹಗೆಯಂತೆ ಕಾಣುತ್ತದೆ, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಾಗುತ್ತದೆ. ಪೆನಿಸಿಲಿನ್ ಹೇಗೆ ಅಂಟುತ್ತದೆ ಎಂಬುದು ಚೆನ್ನಾಗಿ ಗೊತ್ತಿದೆ: ಅದರ ಬೀಟಾ-ಲ್ಯಾಕ್ಟಮ್ ಉಂಗುರ ಬಿಚ್ಚಿಕೊಂಡು ಪೆನಿಸಿಲಾಯ್ಲ್ ಎಂಬ ರೂಪದಲ್ಲಿ ಪ್ರೋಟೀನಿನ ಮೇಲೆ ಕೂರುತ್ತದೆ. ಹಾಗಾಗಿ ಅದೇ ಜೋಡಿಯನ್ನು ಲ್ಯಾಬಿನಲ್ಲೂ ಕಟ್ಟಿ, ನಿಮ್ಮ ಸೀರಂನಲ್ಲಿರುವ (ಹೆಪ್ಪುಗಟ್ಟಿದ ರಕ್ತದ ತಿಳಿಯಲ್ಲಿರುವ) ಐಜಿಇ ಅದಕ್ಕೆ ಅಂಟುತ್ತದೆಯೇ ಎಂದು ನೋಡಬಹುದು. ಬೇರೆ ಬಹುತೇಕ ಆಂಟಿಬಯೋಟಿಕ್‌ಗಳ ವಿಷಯದಲ್ಲಿ ಯಾವ ಚೂರು ಎಲ್ಲಿ ಅಂಟುತ್ತದೆ ಎಂಬುದೇ ಸ್ಪಷ್ಟವಿಲ್ಲ. ಬೀಗವೇ ಗೊತ್ತಿಲ್ಲದಾಗ ಕೀಲಿ ಮಾಡುವುದೆಂತು?

ಆದ್ದರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಇಮ್ಯುನೋಕ್ಯಾಪ್ ಎಂಬ ಐಜಿಇ ಅಳೆಯುವ ವಿಧಾನದಲ್ಲಿ ಮುಖ್ಯವಾಗಿ ಸಿಗುವುದು ಐದು: ಪೆನಿಸಿಲಿನ್ ಜಿ, ಪೆನಿಸಿಲಿನ್ ವಿ, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಸೆಫಾಕ್ಲೋರ್. ಅಜಿಥ್ರೋಮೈಸಿನ್, ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್, ಮೆಟ್ರೋನಿಡಜೋಲ್, ಸಲ್ಫಾ ಮಾತ್ರೆಗಳಿಗೆ ನೆಚ್ಚಬಹುದಾದ ಐಜಿಇ ಪರೀಕ್ಷೆ ಇಲ್ಲ. ನಮ್ಮ ಊರುಗಳಲ್ಲಿ "ಡ್ರಗ್ ಅಲರ್ಜಿ ಪ್ಯಾನೆಲ್" ಹೆಸರಿನಲ್ಲಿ ಹತ್ತಾರು ಔಷಧಗಳ ಪಟ್ಟಿ ಒಂದೇ ರಕ್ತದಲ್ಲಿ ಮಾಡಿಕೊಡುವ ಪ್ಯಾಕೇಜುಗಳಿವೆ. ಪ್ಯಾರಾಸಿಟಮಾಲ್‌ನಿಂದ ಹಿಡಿದು ಕಂಡ ಕಂಡ ಆಂಟಿಬಯೋಟಿಕ್‌ವರೆಗೆ ಎಲ್ಲಕ್ಕೂ ಪಾಸಿಟಿವ್-ನೆಗೆಟಿವ್ ಹಾಕಿ ಕೊಡುತ್ತಾರೆ. ಆ ದುಡ್ಡು ಉಳಿಸಿ. ದುಡ್ಡಿನ ನಷ್ಟಕ್ಕಿಂತ ಕೆಟ್ಟದ್ದು ಅದರಿಂದ ಬರುವ ಸುಳ್ಳು ಧೈರ್ಯ: ನೆಗೆಟಿವ್ ಎಂದಿದ್ದಾರೆ ಎಂದು ಮನೆಯಲ್ಲೇ ಮಾತ್ರೆ ನುಂಗಿದವರಿಗೆ ಉಸಿರು ಕಟ್ಟಿದರೆ ಅಲ್ಲಿ ಜೀವ ಉಳಿಸುವ ಅಡ್ರಿನಲಿನ್ ಇಂಜೆಕ್ಷನ್ ಇರುವುದಿಲ್ಲ. ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಅಳೆದು ಅಲರ್ಜಿ ಎನ್ನುವ ಪರೀಕ್ಷೆಗಳನ್ನಂತೂ ಕೇಳಲೇಬೇಡಿ. ಔಷಧ ತೆಗೆದುಕೊಂಡವರಲ್ಲಿ ಐಜಿಜಿ ಹುಟ್ಟುವುದು ಸಾಮಾನ್ಯ, ಅದು ಅಲರ್ಜಿಯ ಗುರುತಲ್ಲ.

ಮೊದಲ ಹಂತ: ಸಿರಿಂಜಿಗಿಂತ ಮೊದಲು ಪೆನ್ನು

ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆಯಿರಿ. ಅಲರ್ಜಿ ತಜ್ಞರು ಅರ್ಧ ತೀರ್ಮಾನವನ್ನು ಇದರಿಂದಲೇ ಮಾಡುತ್ತಾರೆ, ರಕ್ತದಿಂದ ಅಲ್ಲ.

ಔಷಧದ ಹೆಸರು ಬ್ರ್ಯಾಂಡಿನ ಜೊತೆಗೆ ಒಳಗಿನ ರಾಸಾಯನಿಕದ ಹೆಸರನ್ನೂ ಹೇಳಬೇಕು. ಹಳೆಯ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಮಾತ್ರೆಯ ಸ್ಟ್ರಿಪ್ಪು ಯಾವುದಿದ್ದರೂ ತೆಗೆದಿಡಿ. ಅಮಾಕ್ಸಿಸಿಲಿನ್ ಒಂದೇ ಇತ್ತೋ, ಕ್ಲಾವುಲನೇಟ್ ಜೊತೆಗಿತ್ತೋ? ಅಲರ್ಜಿ ಬರೀ ಕ್ಲಾವುಲನೇಟ್‌ಗೂ ಇರಬಹುದು, ಮೇಲಿನ ಐದರ ಪಟ್ಟಿಯಲ್ಲಿ ಅದಿಲ್ಲ. ಜೊತೆಗೆ ಇನ್ನೇನು ಕೊಟ್ಟಿದ್ದರು ಎಂಬುದು ಇನ್ನೂ ಮುಖ್ಯ. ನಮ್ಮಲ್ಲಿ ಆಂಟಿಬಯೋಟಿಕ್ ಒಂಟಿಯಾಗಿ ಬರುವುದು ಅಪರೂಪ. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯೊಂದು ಜೊತೆಗಿರುತ್ತದೆ. ತುಟಿ ಬಾತು, ಮೈಯೆಲ್ಲ ಗಂಧೆ ಎದ್ದದ್ದಕ್ಕೆ ಕಾರಣ ಎಷ್ಟೋ ಸಲ ಅದೇ. ಹೆಸರು ಕೆಡುವುದು ಮಾತ್ರ ಆಂಟಿಬಯೋಟಿಕ್‌ನದು.

ನಂತರ ಗಡಿಯಾರದ ಲೆಕ್ಕ. ಕೊನೆಯ ಡೋಸ್ ಆದ ಎಷ್ಟು ಹೊತ್ತಿಗೆ ಮೊದಲ ಲಕ್ಷಣ ಕಂಡಿತು? ಕೋರ್ಸಿನ ಎಷ್ಟನೇ ದಿನ? ಎಷ್ಟು ಹೊತ್ತು ಇತ್ತು? ಇಂಜೆಕ್ಷನ್ ಕೊಡಬೇಕಾಯಿತೇ, ತಾನಾಗಿಯೇ ಇಳಿಯಿತೇ? ಯಾವ ವರ್ಷ? ಕೊನೆಯದಾಗಿ, ಆಮೇಲೆ ಎಂದಾದರೂ ಅದೇ ಗುಂಪಿನ ಔಷಧ ತಿಳಿಯದೆ ತೆಗೆದುಕೊಂಡು ಏನೂ ಆಗದೆ ಇದ್ದದ್ದುಂಟೇ? ಈ ಪ್ರಶ್ನೆಗೆ "ಹೌದು" ಎಂಬ ಉತ್ತರವಿದ್ದರೆ, ಅದು ಯಾವ ಲ್ಯಾಬ್ ರಿಪೋರ್ಟಿಗಿಂತ ಗಟ್ಟಿ.

ಬರೆದದ್ದನ್ನು ನೋಡಿದರೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಕ್ಕೆ ಸೇರುತ್ತದೆ.

ವಾಕರಿಕೆ, ಭೇದಿ, ಬಾಯಿಹುಣ್ಣು, "ಮಾತ್ರೆ ಹೀಟ್ ಆಯ್ತು" ಎನ್ನುವುದು, ಮೆಟ್ರೋನಿಡಜೋಲ್‌ನಿಂದ ಬಾಯಿ ಕಹಿಯಾಗುವುದು, ಸೂಜಿ ಕಂಡು ತಲೆಸುತ್ತಿ ಬೀಳುವುದು ಅಲರ್ಜಿಯಲ್ಲ. ಪರೀಕ್ಷೆಯೇ ಬೇಡ.

ಒಂದು ಗಂಟೆಯೊಳಗೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಗಂಧೆ, ತುಟಿ-ಕಣ್ಣು ಊತ, ಉಬ್ಬಸ, ವಾಂತಿ, ಬಿ.ಪಿ. ಕುಸಿತ ಕಂಡಿದ್ದರೆ ಅದು ತಕ್ಷಣದ ಬಗೆ. ಐಜಿಇ ರಕ್ತ ಪರೀಕ್ಷೆಗೆ ಅರ್ಥವಿರುವುದು ಇಲ್ಲಿ ಮಾತ್ರ.

ಮೂರು-ನಾಲ್ಕು ದಿನ ಕಳೆದು ಎದೆ-ಬೆನ್ನ ಮೇಲೆ ಕೆಂಪು ಚುಕ್ಕೆ ಹರಡಿ, ಬೇರೇನೂ ತೊಂದರೆಯಿಲ್ಲದೆ ಮಾಸಿದ್ದರೆ ಅದು ತಡವಾಗಿ ಬರುವ ಬಗೆ. ಇದು ಟಿ ಕಣಗಳೆಂಬ ಬಿಳಿ ರಕ್ತಕಣಗಳ ಕೆಲಸ, ಐಜಿಇ ಅಳೆದರೆ ಏನೂ ಸಿಗುವುದಿಲ್ಲ. ಮಕ್ಕಳಲ್ಲಂತೂ ಇದು ಬಹಳ ಸಲ ಮಾತ್ರೆಯಿಂದಲ್ಲ, ಜ್ವರ ತಂದ ವೈರಸ್ಸಿನಿಂದಲೇ ಬಂದದ್ದಾಗಿರುತ್ತದೆ.

ಚರ್ಮ ಸುಲಿಯುವುದು, ನೀರುಗುಳ್ಳೆ, ಬಾಯಿ-ಕಣ್ಣು-ಗುಪ್ತಾಂಗದಲ್ಲಿ ಹುಣ್ಣು, ಮುಖ ಊದಿ ಜ್ವರ, ಗ್ರಂಥಿ ಊತ, ಕಾಮಾಲೆ ಇವು ನಾಲ್ಕನೆಯ ಗುಂಪು. ಇಲ್ಲಿ ಆ ಔಷಧವನ್ನು ಪರೀಕ್ಷೆಗೆಂದೂ ಮತ್ತೆ ಕೊಡಬಾರದು. ಐಜಿಇ ನೆಗೆಟಿವ್ ಬಂದರೂ ಈ ಮಾತು ಬದಲಾಗುವುದಿಲ್ಲ.

ಐಜಿಇ ಪರೀಕ್ಷೆಗೆ ರಕ್ತ ಕೊಡುವುದು

ಕಾಲ ಸರಿಯಿರಬೇಕು. ಪ್ರತಿಕ್ರಿಯೆಯಾದ ಮರುದಿನವೇ ಓಡಿದರೆ ಇದ್ದ ಐಜಿಇ ಖರ್ಚಾಗಿ ಸುಳ್ಳು ನೆಗೆಟಿವ್ ಬರಬಹುದು. ನಾಲ್ಕರಿಂದ ಆರು ವಾರ ಬಿಟ್ಟು ಮಾಡಿಸುವುದು ರೂಢಿ. ಹಾಗೆಂದು ವರ್ಷಗಟ್ಟಲೆ ತಡ ಮಾಡಿದರೂ ಕೆಡುತ್ತದೆ, ಐಜಿಇ ಮಟ್ಟ ಕಾಲಕ್ರಮೇಣ ಇಳಿಯುತ್ತ ಹೋಗುತ್ತದೆ. ಒಂದು ವರ್ಷದೊಳಗೆ ಮಾಡಿಸಿದ್ದಕ್ಕೆ ಬೆಲೆ ಹೆಚ್ಚು. ಇಪ್ಪತ್ತು ವರ್ಷದ ಹಿಂದಿನ ಘಟನೆಗೆ ಇಂದು ರಕ್ತ ಕೊಟ್ಟು ಬರುವ ನೆಗೆಟಿವ್‌ನಿಂದ ತಿಳಿಯುವುದು ಅಷ್ಟಕ್ಕಷ್ಟೆ.

ಉಪವಾಸ ಬೇಡ. ಸೆಟ್ರಿಜಿನ್, ಲೆವೊಸೆಟ್ರಿಜಿನ್ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಕಾಗಿಲ್ಲ; ಅವು ಐಜಿಇ ಮಾಡುವ ಕೆಲಸಕ್ಕೆ ಅಡ್ಡ ಬರುತ್ತವೆಯೇ ಹೊರತು ರಕ್ತದಲ್ಲಿ ಅದರ ಪ್ರಮಾಣವನ್ನು ಬದಲಿಸುವುದಿಲ್ಲ. ಮೈತುಂಬ ಇಸುಬು ಇರುವವರಿಗೆ, ಅಲರ್ಜಿ ಮಾತ್ರೆ ಬಿಟ್ಟಿರಲಾರದವರಿಗೆ ಚರ್ಮದ ಪರೀಕ್ಷೆಗಿಂತ ರಕ್ತ ಪರೀಕ್ಷೆ ಅನುಕೂಲ ಎನ್ನುವುದು ಇದಕ್ಕೇ. ಔಷಧವನ್ನು ಮೈಗೆ ತಾಕಿಸದೆಯೇ ಆಗುವ ಪರೀಕ್ಷೆಯಾದ್ದರಿಂದ ಜೀವಕ್ಕೆ ಅಪಾಯ ತಂದಿದ್ದ ಪ್ರತಿಕ್ರಿಯೆಯ ನಂತರವೂ ಮೊದಲು ಇದನ್ನೇ ಮಾಡುತ್ತಾರೆ.

ಹಳದಿ ಅಥವಾ ಕೆಂಪು ಮುಚ್ಚಳದ ಟ್ಯೂಬಿನಲ್ಲಿ 3ರಿಂದ 5 ಮಿ.ಲೀ. ರಕ್ತ ಸಾಕು. ಹೆಪ್ಪುಗಟ್ಟಿಸಿ ಸೀರಂ ಬೇರ್ಪಡಿಸುತ್ತಾರೆ. ಲ್ಯಾಬಿನಲ್ಲಿ ಎರಡು ಮಾತು ಸ್ಪಷ್ಟವಾಗಿ ಹೇಳಿ. ಒಂದು, ಔಷಧದ ಹೆಸರು ಹಿಡಿದು ಕೇಳಿ: "ಅಮಾಕ್ಸಿಸಿಲಿನ್ ಸ್ಪೆಸಿಫಿಕ್ ಐಜಿಇ, ಪೆನಿಸಿಲಿನ್ ಜಿ ಸ್ಪೆಸಿಫಿಕ್ ಐಜಿಇ". ಸುಮ್ಮನೆ "ಅಲರ್ಜಿ ಟೆಸ್ಟ್" ಎಂದರೆ ಧೂಳು, ಜಿರಳೆ, ಕಡಲೆಕಾಯಿಯ ಪಟ್ಟಿ ಕೈಗೆ ಬರುತ್ತದೆ. ಎರಡು, ಜೊತೆಗೆ ಟೋಟಲ್ ಐಜಿಇ (ರಕ್ತದಲ್ಲಿರುವ ಒಟ್ಟು ಐಜಿಇ) ಕೂಡ ಮಾಡಲು ಹೇಳಿ. ಅದೇಕೆ ಎಂಬುದು ರಿಪೋರ್ಟ್ ಓದುವಾಗ ಗೊತ್ತಾಗುತ್ತದೆ.

ರಿಪೋರ್ಟ್ ಓದುವುದು

ಸಂಖ್ಯೆ ಕೆಯುಎ/ಲೀ. ಎಂಬ ಮಾನದಲ್ಲಿ ಬರುತ್ತದೆ. 0.35ಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್ ಎನ್ನುವುದು ಹಳೆಯ ರೂಢಿ. ಈಗಿನ ಯಂತ್ರಗಳು 0.10ರವರೆಗೂ ಅಳೆಯುತ್ತವೆ. ಪಕ್ಕದಲ್ಲಿ 0ಯಿಂದ 6ರವರೆಗೆ "ಕ್ಲಾಸ್" ಹಾಕಿರುತ್ತಾರೆ. 0.35ರಿಂದ 0.70 ಇದ್ದರೆ ಕ್ಲಾಸ್ 1, 0.70ರಿಂದ 3.5 ಇದ್ದರೆ ಕ್ಲಾಸ್ 2. ಔಷಧದ ವಿಷಯದಲ್ಲಿ ಈ ಕ್ಲಾಸಿಗೆ ತಲೆ ಕೆಡಿಸಿಕೊಳ್ಳಬೇಡಿ, ಮುಂದಿನ ಪ್ರತಿಕ್ರಿಯೆ ಎಷ್ಟು ಜೋರಾಗಿರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಪಾಸಿಟಿವ್ ಬಂದಿದೆ, ಬರೆದಿಟ್ಟ ಹಾಳೆಯಲ್ಲೂ ಒಂದು ಗಂಟೆಯೊಳಗಿನ ಗಂಧೆ-ಉಬ್ಬಸ ಇದೆ ಎಂದಾದರೆ ಅಲರ್ಜಿ ಇದೆ ಎಂದೇ ತಿಳಿದು ನಡೆಯಬೇಕು. ಆದರೆ ಹಾಳೆಯಲ್ಲಿ ಅಂಥದ್ದೇನೂ ಇಲ್ಲದೆ 0.42 ಎಂದು ಬಂದಿದೆ, ಟೋಟಲ್ ಐಜಿಇ 1800 ಇದೆ ಎನ್ನೋಣ. ಹೊಟ್ಟೆಹುಳ, ಆಸ್ತಮಾ, ಇಸುಬು ಇರುವವರಲ್ಲಿ ಟೋಟಲ್ ಐಜಿಇ ಸಾವಿರ ದಾಟುವುದು ಹೊಸದಲ್ಲ. ಅಷ್ಟೊಂದು ಐಜಿಇ ತೇಲುತ್ತಿರುವಾಗ ಚೂರುಪಾರು ಎಲ್ಲಿಗಾದರೂ ಅಂಟಿಕೊಂಡೇ ಇರುತ್ತದೆ. ಅದೇ 0.42, ಟೋಟಲ್ 40 ಇರುವವರಲ್ಲಿ ಬಂದರೆ ತೂಕವೇ ಬೇರೆ.

ಹೆಚ್ಚು ಜನ ಎಡವುವುದು ನೆಗೆಟಿವ್ ರಿಪೋರ್ಟಿನಲ್ಲಿ. ನಿಜವಾಗಿ ಅಲರ್ಜಿ ಇರುವವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಪರೀಕ್ಷೆ ನೆಗೆಟಿವ್ ಬರಬಹುದು. ಹಾಗಾಗಿ ನೆಗೆಟಿವ್ ಎಂಬುದಕ್ಕೆ "ಮುಂದಿನ ಹಂತಕ್ಕೆ ಹೋಗಬಹುದು" ಎಂದಷ್ಟೇ ಅರ್ಥ. "ಮಾತ್ರೆ ನುಂಗಬಹುದು" ಎಂದಲ್ಲ.

ನೆಗೆಟಿವ್ ಆದ ಮೇಲೆ

ಮುಂದಿನದು ಚರ್ಮದ ಪರೀಕ್ಷೆ, ಅದೂ ಆಸ್ಪತ್ರೆಯಲ್ಲಿ. ಇದಕ್ಕೆ ಮಾತ್ರ ಅಲರ್ಜಿ ಮಾತ್ರೆಗಳನ್ನು ಐದರಿಂದ ಏಳು ದಿನ ಮೊದಲೇ ನಿಲ್ಲಿಸಬೇಕು. ಬೆಂಜೈಲ್ ಪೆನಿಸಿಲಿನ್ ಮಿ.ಲೀ.ಗೆ 10,000 ಯೂನಿಟ್, ಅಮಾಕ್ಸಿಸಿಲಿನ್ ಮಿ.ಲೀ.ಗೆ 20 ಮಿ.ಗ್ರಾಂ ಮೀರದಂತೆ ಹೊಸದಾಗಿ ಕಲಸಿ, ಮೊದಲು ಚುಚ್ಚಿ ನೋಡುತ್ತಾರೆ. 15-20 ನಿಮಿಷದಲ್ಲಿ ಏನೂ ಏಳದಿದ್ದರೆ ಚರ್ಮದೊಳಕ್ಕೆ 0.02ರಿಂದ 0.05 ಮಿ.ಲೀ. ಪಕ್ಕದಲ್ಲೇ ಬರೀ ಸಲೈನ್ (ಉಪ್ಪುನೀರು) ಒಂದು, ಚರ್ಮವನ್ನು ಉಬ್ಬಿಸುವ ಹಿಸ್ಟಮಿನ್ ಒಂದು ಹಾಕಿರಬೇಕು. ಸಲೈನಿಗೂ ಉಬ್ಬಿದರೆ ಆ ಚರ್ಮವೇ ಹಾಗೆ; ಹಿಸ್ಟಮಿನ್‌ಗೂ ಉಬ್ಬದಿದ್ದರೆ ಎಲ್ಲೋ ಸೆಟ್ರಿಜಿನ್ ಇನ್ನೂ ಮೈಯಲ್ಲಿದೆ.

ವಾರ್ಡುಗಳಲ್ಲಿ ಮಾಡುವ "ಟೆಸ್ಟ್ ಡೋಸ್" ಇದಲ್ಲ. ಕೊಡಲಿರುವ ಸೆಫ್ಟ್ರಿಯಾಕ್ಸೋನ್ ಬಾಟಲಿಯಿಂದಲೇ ಅಂದಾಜಿಗೆ ಒಂದಿಷ್ಟು ಎಳೆದು ಮುಂಗೈಗೆ ಹಾಕಿ, ಪೆನ್ನಿನಿಂದ ಸುತ್ತು ಬರೆದು ಹೋಗುವ ಪದ್ಧತಿಯಲ್ಲಿ ಸಲೈನೂ ಇಲ್ಲ, ಹಿಸ್ಟಮಿನ್ನೂ ಇಲ್ಲ, ಸಾಂದ್ರತೆಯ ಲೆಕ್ಕವೂ ಇಲ್ಲ. ದ್ರಾವಣ ಗಟ್ಟಿಯಾಗಿದ್ದರೆ ಯಾರ ಚರ್ಮವೂ ಕೆಂಪಾಗುತ್ತದೆ. ಹಿಂದೆ ಯಾವ ತೊಂದರೆಯೂ ಇಲ್ಲದವರಲ್ಲಿ ಇದರಿಂದ ತಿಳಿಯುವುದು ಏನೂ ಇಲ್ಲ, ಕೆಂಪಾದರೆ ಮಾತ್ರ ಜೀವಮಾನದ ಹಣೆಪಟ್ಟಿ. ನಿಮ್ಮ ಅಲರ್ಜಿಯ ಮೂಲ ಇಂಥ ಒಂದು ಸುತ್ತು ಗೆರೆಯೇ ಆಗಿದ್ದರೆ ಅದನ್ನೂ ಆ ಹಾಳೆಯಲ್ಲಿ ಬರೆಯಿರಿ.

ಕೊನೆಯ ತೀರ್ಪು ಔಷಧವನ್ನೇ ಕೊಟ್ಟು ನೋಡುವುದು. ವೈದ್ಯರ ಕಣ್ಣೆದುರು, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಅಮಾಕ್ಸಿಸಿಲಿನ್‌ನ ಹತ್ತನೇ ಒಂದು ಭಾಗ ಮೊದಲು, ಅರ್ಧ-ಒಂದು ಗಂಟೆ ಬಿಟ್ಟು ಉಳಿದದ್ದು. ಅಪಾಯ ಕಡಿಮೆ ಇರುವವರಿಗೆ ಚರ್ಮದ ಪರೀಕ್ಷೆಯನ್ನೂ ಬಿಟ್ಟು, ಒಂದೇ ಸಲಕ್ಕೆ 250 ಅಥವಾ 500 ಮಿ.ಗ್ರಾಂ ಕೊಟ್ಟು ಒಂದು ಗಂಟೆ ಕೂರಿಸುವ ಪದ್ಧತಿಯೂ ಈಗ ಬಂದಿದೆ. ಅಪಾಯ ಅಳೆಯಲು ಆಸ್ಟ್ರೇಲಿಯಾದ ವೈದ್ಯರು 2020ರಲ್ಲಿ ಪ್ರಕಟಿಸಿದ ಪೆನ್-ಫಾಸ್ಟ್ ಎಂಬ ಅಂಕಪಟ್ಟಿ ಇದೆ: ಘಟನೆ ಐದು ವರ್ಷದೊಳಗಿನದಾದರೆ 2, ಅನಾಫಿಲ್ಯಾಕ್ಸಿಸ್ (ಜೀವಕ್ಕೆ ಅಪಾಯ ತರುವ ತಕ್ಷಣದ ತೀವ್ರ ಅಲರ್ಜಿ), ಮುಖ-ತುಟಿಯ ಊತ ಅಥವಾ ತೀವ್ರ ಚರ್ಮರೋಗವಾಗಿದ್ದರೆ 2, ಚಿಕಿತ್ಸೆ ಬೇಕಾಗಿದ್ದರೆ 1. ಒಟ್ಟು 3ಕ್ಕಿಂತ ಕಡಿಮೆಯಾದರೆ ಅಪಾಯ ಕಡಿಮೆ. ಇದನ್ನು ಮನೆಯಲ್ಲಿ ಕೂಡಿಸಿ ನೋಡಲು ಅಡ್ಡಿಯಿಲ್ಲ. ಮನೆಯಲ್ಲಿ ಮಾತ್ರೆ ನುಂಗಿ ನೋಡಬಾರದು.

ತುರ್ತಿನಲ್ಲಿ ತೆಗೆಯುವ ರಕ್ತ: ಟ್ರಿಪ್ಟೇಸ್

ಇದು ಆಸ್ಪತ್ರೆಯವರು ಮಾಡಬೇಕಾದ್ದು, ಆದರೆ ರೋಗಿಯ ಕಡೆಯವರು ನೆನಪಿಸಿದರೆ ತಪ್ಪಿಲ್ಲ. ಇಂಜೆಕ್ಷನ್ ಬಿದ್ದ ಕೂಡಲೇ ಯಾರಾದರೂ ಕುಸಿದರೆ ಮೊದಲು ಅಡ್ರಿನಲಿನ್: ವಯಸ್ಕರಿಗೆ 0.5 ಮಿ.ಗ್ರಾಂ ತೊಡೆಯ ಸ್ನಾಯುವಿಗೆ. ರಕ್ತ ತೆಗೆಯಲೆಂದು ಇದನ್ನು ಒಂದು ನಿಮಿಷವೂ ತಡ ಮಾಡುವಂತಿಲ್ಲ. ರೋಗಿ ಚೇತರಿಸಿಕೊಂಡ ಮೇಲೆ, ಒಂದರಿಂದ ಎರಡು ಗಂಟೆಯೊಳಗೆ, ತಡವೆಂದರೆ ನಾಲ್ಕು ಗಂಟೆಯೊಳಗೆ ಸೀರಂ ಟ್ರಿಪ್ಟೇಸ್‌ಗೆ ರಕ್ತ ತೆಗೆಯಬೇಕು. ಅಲರ್ಜಿಯ ರಾಸಾಯನಿಕಗಳನ್ನು ತುಂಬಿಕೊಂಡ ಮಾಸ್ಟ್ ಕಣಗಳು ಒಡೆದಾಗ ಸುರಿಯುವ ಈ ಕಿಣ್ವ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಮರುದಿನ ಬೆಳಿಗ್ಗೆ ಹುಡುಕಿದರೆ ಸಿಗದು. ಟ್ಯೂಬಿನ ಮೇಲೆ ತಾರೀಖಿನ ಜೊತೆ ಗಂಟೆ-ನಿಮಿಷವನ್ನೂ ಬರೆಯಬೇಕು.

ಎಲ್ಲ ಇಳಿದು ಕನಿಷ್ಠ 24 ಗಂಟೆ ಕಳೆದ ಮೇಲೆ ಇನ್ನೊಮ್ಮೆ ರಕ್ತ ತೆಗೆದು ಹೋಲಿಸಬೇಕು. ಇದನ್ನೇ ಎಲ್ಲರೂ ಮರೆಯುವುದು. ಲೆಕ್ಕ ಹೀಗೆ: ಆ ವ್ಯಕ್ತಿಯ ಸಾಮಾನ್ಯ ಮಟ್ಟವನ್ನು 1.2ರಿಂದ ಗುಣಿಸಿ 2 ಕೂಡಿಸಿ. ಸಾಮಾನ್ಯ ಮಟ್ಟ ಮಿ.ಲೀ.ಗೆ 4 ನ್ಯಾನೊಗ್ರಾಂ ಇದ್ದರೆ ಉತ್ತರ 6.8. ಕುಸಿದ ದಿನದ ರಕ್ತದಲ್ಲಿ 9 ಇದ್ದರೆ ಅದು ನಿಜವಾದ ಏರಿಕೆ. ಆದರೆ ಲ್ಯಾಬಿನ ಮಿತಿ 11.4 ಆದ್ದರಿಂದ ರಿಪೋರ್ಟಿನಲ್ಲಿ "ನಾರ್ಮಲ್" ಎಂದೇ ಅಚ್ಚಾಗಿರುತ್ತದೆ. ಎರಡನೇ ಟ್ಯೂಬ್ ಇಲ್ಲದಿದ್ದರೆ ಆ 9ರ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಯಾವ ಔಷಧದಿಂದ ಹೀಗಾಯಿತು ಎಂಬುದನ್ನು ಮಾತ್ರ ಟ್ರಿಪ್ಟೇಸ್ ಹೇಳಲಾರದು.

ಉಳಿದ ರಕ್ತ ಪರೀಕ್ಷೆಗಳು

ಬೇಸೋಫಿಲ್ ಪರೀಕ್ಷೆಯಲ್ಲಿ ಆ ಹೆಸರಿನ ಜೀವಂತ ಬಿಳಿ ರಕ್ತಕಣಗಳಿಗೇ ಔಷಧ ತಾಕಿಸಿ, ಅವುಗಳ ಮೈಮೇಲೆ ಸಿಡಿ63 ಎಂಬ ಗುರುತು ಮೂಡುತ್ತದೆಯೇ ಎಂದು ಫ್ಲೋ ಸೈಟೋಮೀಟರ್ ಎಂಬ ಕಣ ಎಣಿಸುವ ಯಂತ್ರದಲ್ಲಿ ನೋಡುತ್ತಾರೆ. ರಕ್ತ ತಾಜಾ ಇರಬೇಕು, ಹೆಚ್ಚೆಂದರೆ ಒಂದು ದಿನದೊಳಗೆ ಕೆಲಸ ಮುಗಿಯಬೇಕು. ಕೊರಿಯರ್‌ನಲ್ಲಿ ದೂರದ ಊರಿಗೆ ಕಳುಹಿಸುವ ಪರೀಕ್ಷೆ ಇದಲ್ಲ. ಕೆಲವರ ಬೇಸೋಫಿಲ್‌ಗಳು ಯಾವುದಕ್ಕೂ ಪ್ರತಿಕ್ರಿಯಿಸುವುದೇ ಇಲ್ಲ, ಅಂಥವರಲ್ಲಿ ಉತ್ತರವೇ ಬರುವುದಿಲ್ಲ. ತಡವಾದ ಬಗೆಗೆ ಲಿಂಫೋಸೈಟ್ ಪರೀಕ್ಷೆ ಇದೆ: ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಔಷಧದ ಜೊತೆ ಸುಮಾರು ಆರು ದಿನ ಬೆಳೆಸಿ ಎಷ್ಟು ಹೆಚ್ಚಿದವು ಎಂದು ಅಳೆಯುತ್ತಾರೆ. ಎರಡೂ ದೊಡ್ಡ ಸಂಶೋಧನಾ ಕೇಂದ್ರಗಳ ಸರಕು.

ತಡವಾದ ಬಗೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಮೂಲೆಯ ಲ್ಯಾಬಿನಲ್ಲೂ ಆಗುವ ಸಾದಾ ಪರೀಕ್ಷೆಗಳು. ಔಷಧ ಶುರುವಾಗಿ ಎರಡು-ಮೂರು ವಾರಕ್ಕೆ ದದ್ದು, ಜ್ವರ, ಮುಖದ ಊತ ಬಂದರೆ ಅದೇ ದಿನ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ), ಇಯೋಸಿನೋಫಿಲ್ ಎಂಬ ಬಿಳಿಕಣಗಳ ಎಣಿಕೆ, ಲಿವರ್ ಪರೀಕ್ಷೆ, ಕ್ರಿಯಾಟಿನಿನ್ ಮಾಡಿಸಿ. ಇಯೋಸಿನೋಫಿಲ್ ಏರಿ ಲಿವರ್ ಕಿಣ್ವಗಳೂ ಏರಿದ್ದರೆ ಡ್ರೆಸ್ ಎಂಬ ಅಪಾಯದ ಸ್ಥಿತಿಯ ಶಂಕೆ, ಆಸ್ಪತ್ರೆಗೆ ಸೇರಲೇಬೇಕು.

ಔಷಧ ಕೊಡುವ ಮೊದಲೇ ಅಪಾಯ ಹೇಳಬಲ್ಲ ಜೀನ್ ಪರೀಕ್ಷೆಯೂ ಒಂದೆರಡಿವೆ. ಕುಷ್ಠರೋಗದ ಬಹುಔಷಧ ಚಿಕಿತ್ಸೆಯಲ್ಲಿರುವ ಡ್ಯಾಪ್ಸೋನ್‌ನಿಂದ ಬರುವ ತೀವ್ರ ಪ್ರತಿಕ್ರಿಯೆಗೆ ಎಚ್‌ಎಲ್‌ಎ-ಬಿ*13:01 ಎಂಬ ಜೀನ್ ರೂಪಕ್ಕೂ, ವ್ಯಾಂಕೋಮೈಸಿನ್‌ನಿಂದ ಬರುವ ಡ್ರೆಸ್‌ಗೆ ಎಚ್‌ಎಲ್‌ಎ-ಎ*32:01ಕ್ಕೂ ನಂಟಿದೆ. ವ್ಯಾಂಕೋಮೈಸಿನ್ ಬೇಗ ಬೇಗ ಹರಿಸಿದಾಗ ಮುಖ-ಕತ್ತು ಕೆಂಪಾಗುವುದು ಬೇರೆಯೇ. 1 ಗ್ರಾಂ ಅನ್ನು ಕನಿಷ್ಠ ಒಂದು ಗಂಟೆ ಹರಿಸಿದರೆ ಬಹುತೇಕ ಅದು ಬರುವುದಿಲ್ಲ, ಅದಕ್ಕೆ ಯಾವ ಐಜಿಇಯೂ ಬೇಕಿಲ್ಲ.

ಫಲಿತಾಂಶವನ್ನು ಫೈಲಿಗೆ ತರುವುದು

ಅಲರ್ಜಿ ಖಚಿತವಾದರೆ "ಆಂಟಿಬಯೋಟಿಕ್ ಅಲರ್ಜಿ" ಎಂದು ಬರೆಸಬೇಡಿ. ಯಾವ ಔಷಧ, ಏನಾಯಿತು, ಎಷ್ಟು ಹೊತ್ತಿಗೆ, ಯಾವ ವರ್ಷ, ಯಾವ ಪರೀಕ್ಷೆಯಿಂದ ಖಚಿತವಾಯಿತು ಎಂಬುದು ಒಂದೇ ಸಾಲಿನಲ್ಲಿರಲಿ. ಪೆನಿಸಿಲಿನ್ ಅಲರ್ಜಿ ಇರುವವರಲ್ಲಿ ಸೆಫಲೋಸ್ಪೋರಿನ್ ಎಂಬ ಹತ್ತಿರದ ಆಂಟಿಬಯೋಟಿಕ್ ಗುಂಪಿಗೂ ಅಲರ್ಜಿ ಆಗುವುದು ನೂರಕ್ಕೆ ಸುಮಾರು ಇಬ್ಬರಿಗೆ. ಆ ಇಬ್ಬರು ಯಾರೆಂಬುದನ್ನು ನಿರ್ಧರಿಸುವುದು ಅಣುವಿನ ಪಕ್ಕದ ಸರಪಣಿ: ಅಮಾಕ್ಸಿಸಿಲಿನ್ ಆಗದವರು ಸೆಫಡ್ರಾಕ್ಸಿಲ್ ಬಿಡಬೇಕು, ಆಂಪಿಸಿಲಿನ್ ಆಗದವರು ಸೆಫಲೆಕ್ಸಿನ್, ಸೆಫಾಕ್ಲೋರ್ ಬಿಡಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಸೆಫಜೋಲಿನ್‌ನ ಸರಪಣಿ ಯಾವುದನ್ನೂ ಹೋಲುವುದಿಲ್ಲ, ಆದ್ದರಿಂದ ಅದು ಸಾಮಾನ್ಯವಾಗಿ ಒಗ್ಗುತ್ತದೆ.

ಪೆನಿಸಿಲಿನ್‌ಗೆ ಪರ್ಯಾಯವೇ ಇಲ್ಲದ ಸಂದರ್ಭಗಳೂ ಇವೆ. ಗರ್ಭಿಣಿಯರಲ್ಲಿ ಸಿಫಿಲಿಸ್ ಒಂದು. ಅಲರ್ಜಿ ಖಚಿತವಾಗಿದ್ದರೂ ಅಲ್ಲಿ ಆಸ್ಪತ್ರೆಯಲ್ಲಿ ಹನಿ ಹನಿಯಾಗಿ ಡೋಸ್ ಏರಿಸುತ್ತ ಒಗ್ಗಿಸುತ್ತಾರೆ. ಔಷಧ ನಿಂತ ಕೆಲವೇ ದಿನಕ್ಕೆ ಆ ಒಗ್ಗಿಕೆಯೂ ಹೋಗುತ್ತದೆ. ರುಮ್ಯಾಟಿಕ್ ಹೃದ್ರೋಗಕ್ಕೆ ಮೂರು ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಪಡೆಯುವ ಮಕ್ಕಳಿಗೆ ಎರಿಥ್ರೋಮೈಸಿನ್ ಮಾತ್ರೆಗೆ ಬದಲಿಸಬಹುದು, ಆದರೆ ವರ್ಷಗಟ್ಟಲೆ ದಿನಾ ಎರಡು ಹೊತ್ತು ನುಂಗಿಸುವುದು ಸುಲಭವಲ್ಲ. ಇಂಥ ಮಗುವಿಗೆ ಅಲರ್ಜಿ ಎಂಬ ಮಾತು ಬಂದರೆ ಅದನ್ನು ಹಾಗೆಯೇ ಒಪ್ಪಿಕೊಳ್ಳದೆ ಮೇಲಿನ ಹಂತಗಳನ್ನೆಲ್ಲ ದಾಟಿಸಿಯೇ ಖಚಿತಪಡಿಸಿಕೊಳ್ಳಬೇಕು.

ಪ್ರತಿಕ್ರಿಯೆಯನ್ನು ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೆ ರೋಗಿಗಳೂ ತಿಳಿಸಬಹುದು.

ಅಲರ್ಜಿ ಇಲ್ಲ ಎಂದು ಔಷಧ ಕೊಟ್ಟು ನೋಡಿಯೇ ಖಚಿತವಾದರೆ, ಆ ಮಾತನ್ನೂ ಬರಹದಲ್ಲಿ ಕೇಳಿ ಪಡೆಯಿರಿ: "ಇಂಥ ತಾರೀಖು ಅಮಾಕ್ಸಿಸಿಲಿನ್ 500 ಮಿ.ಗ್ರಾಂ ಕೊಡಲಾಯಿತು, ತೊಂದರೆಯಿಲ್ಲ". ಮನೆಯ ಹತ್ತಿರದ ವೈದ್ಯರು, ಹಲ್ಲಿನ ಡಾಕ್ಟರು, ದಿನಾ ಮಾತ್ರೆ ಕೊಡುವ ಮೆಡಿಕಲ್ ಶಾಪಿನವರು ಮೂವರಿಗೂ ಅದರ ಪ್ರತಿ ಕೊಡಿ. ಹಳೆಯ ಫೈಲಿನ ಕೆಂಪು ಅಕ್ಷರದ ಮೇಲೆ ಅಡ್ಡಗೆರೆ ಎಳೆಸಿ, ಪಕ್ಕದಲ್ಲಿ ಸಹಿ ಹಾಕಿಸಿ. ಮನೆಯ ಹಿರಿಯರಿಗೂ ಹೇಳಿಡಿ: ನೀವು ಪ್ರಜ್ಞೆಯಿಲ್ಲದೆ ಕ್ಯಾಶುವಾಲಿಟಿಯಲ್ಲಿ ಮಲಗಿರುವಾಗ "ಇವನಿಗೆ ಪೆನಿಸಿಲಿನ್ ಆಗಲ್ಲ" ಎಂದು ಹೇಳುವವರು ಅವರೇ.